ವಜ್ರದ ಗಣಿಯೂ ಶೇರಿನ ಕಾಗದವೂ

ಕುರನೂರಿನ ಸುತ್ತಣ ನೆಲವೆಲ್ಲ ಎರೆನೆಲ. ಬೋರಿ ಹೊಳೆಯ ದಂಡೆಯಲ್ಲಿ ಎಷ್ಟು ಅಗೆದರೂ ಕರಿಯ ಮಣ್ಣು, ಅದರ ಕೆಳಗೆ ಕರಿಯ ಕಲ್ಲು. ವಜ್ರವೆಂಬುದು ನಮ್ಮವರಿಗೆ ಕಥೆಯಲ್ಲಿ ಕೇಳಿದ ವಸ್ತು. ಆದರೂ ಒಂದು ದಿನ ಏಳನೆಯ ತರಗತಿಯಲ್ಲಿ ವಿಜಾಪುರದ ಆದಿಲಶಾಹಿಯ ಪಾಠ ನಡೆದಿದ್ದಾಗ, ಗೋಳಗುಮ್ಮಟ ಕಟ್ಟಿಸಲು ಅಷ್ಟೊಂದು ಹಣ ಎಲ್ಲಿಂದ ಬಂದಿತೆಂದು ವಿದ್ಯಾರ್ಥಿಯೊಬ್ಬನು ಕೇಳಿದನು. ಭೂಕಂದಾಯ, ಪೇಟೆಗಳ ಸುಂಕ ಎಂದು ಹೇಳಿ, ಆ ಅರಸರ ಕೈಯಲ್ಲಿ ವಜ್ರದ ಗಣಿಯೂ ಇದ್ದಿತೆಂದು ಸೇರಿಸಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಕೂಡಲೆ ಎದ್ದು ನಿಂತು, “ಗುರುಗಳೇ, ಅಗೆದಲ್ಲಿ ವಜ್ರ ಸಿಗಲಿಲ್ಲಂದ್ರ ರೊಕ್ಕ ಹಾಕಿದವರ ಗತಿ ಏನ್ರಿ?” ಎಂದನು. ಆ ಹೊತ್ತಿಗೆ ಗಂಟೆ ಬಾರಿಸಿತು. ಅವನಿಗೆ ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೋಳಗುಮ್ಮಟ ಏಳುತ್ತಿದ್ದ ಕಾಲದಲ್ಲಿಯೇ, ಎಂದರೆ 17ನೆಯ ಶತಮಾನದ ನಡುಭಾಗದಲ್ಲಿ, ಟವರ್ನಿಯೇ ಎಂಬ ಫ್ರೆಂಚ್ ರತ್ನವ್ಯಾಪಾರಿಯು ನಮ್ಮ ದಕ್ಷಿಣ ದೇಶದ ಗಣಿಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ವಿಜಾಪುರದ ಸೀಮೆಗೆ ಸೇರಿದ್ದ ಗಣಿಯನ್ನು ಅವನು ರಾವಲಕೊಂಡ ಎಂದು ಕರೆಯುತ್ತಾನೆ. ಅದು ಕರ್ನೂಲಿನ ದಕ್ಷಿಣಕ್ಕಿರುವ ರಾಮಳ್ಳಕೋಟೆಯೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಗೋಲ್ಕೊಂಡದ ಅರಸರಿಗೆ ಸೇರಿದ ಕೊಲ್ಲೂರು ಗಣಿ ಕೃಷ್ಣಾನದಿಯ ದಂಡೆಯಲ್ಲಿತ್ತು. (ನಮ್ಮ ಮೂಕಾಂಬಿಕೆಯ ಕೊಲ್ಲೂರು ಬೇರೆ, ಮಕ್ಕಳು ಎರಡನ್ನೂ ಒಂದು ಮಾಡಬಾರದು.) ಅಲ್ಲಿ ಸುಮಾರು 60,000 ಜನ ದುಡಿಯುತ್ತಿದ್ದರೆಂದು ಅವನು ಹೇಳುವನು. ಗೋಲ್ಕೊಂಡದ ಕೋಟೆಯಲ್ಲಿ ಗಣಿಯೇ ಇರಲಿಲ್ಲ. ಅದು ಪೇಟೆ ಮಾತ್ರ. ಹೆಸರು ಪೇಟೆಗೆ ಬಂದಿತು, ಬೆವರು ಬೇರೆಡೆಯಲ್ಲಿ ಸುರಿಯಿತು.

ರಾವಲಕೊಂಡದಲ್ಲಿ ವ್ಯಾಪಾರಿಯು ತನಗೆ ಬೇಕಾದಷ್ಟು ನೆಲವನ್ನು ಗುರುತು ಹಾಕಿಸಿಕೊಂಡು, ಐವತ್ತು ಆಳುಗಳನ್ನಿಟ್ಟರೆ ದಿನಕ್ಕೆ ಎರಡು ವರಹ, ನೂರು ಆಳುಗಳನ್ನಿಟ್ಟರೆ ನಾಲ್ಕು ವರಹದಂತೆ ಅರಸನಿಗೆ ಸಲ್ಲಿಸಬೇಕಾಗಿತ್ತು. ಕೊಂಡ ವಜ್ರದ ಮೇಲೆ ನೂರಕ್ಕೆ ಎರಡರಂತೆ ಸುಂಕ ಬೇರೆ. ಅಗೆಯುವ ಆಳಿಗಾದರೋ ವರ್ಷಕ್ಕೆ ಮೂರೇ ವರಹ ಕೂಲಿ! ಮೇಲೊಡೆಯನ ನಿತ್ಯದ ಬಾಡಿಗೆ ಎಷ್ಟು, ದುಡಿದವನ ವರ್ಷದ ಅನ್ನ ಎಷ್ಟು ಎಂಬುದನ್ನು ಮಕ್ಕಳು ತಾವೇ ಲೆಕ್ಕ ಹಾಕಿ ನೋಡಲಿ.

ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಟವರ್ನಿಯೇ ಬರೆದ ಹುಡುಗರ ಸಂಗತಿ. ಪ್ರತಿದಿನ ಬೆಳಿಗ್ಗೆ ಊರ ಚೌಕದ ದೊಡ್ಡ ಮರದ ಕೆಳಗೆ ವ್ಯಾಪಾರಿಗಳ ಮಕ್ಕಳು ಬಂದು ಕೂಡುತ್ತಿದ್ದರು. ವಯಸ್ಸು ಹತ್ತರಿಂದ ಹದಿನೈದು ಹದಿನಾರು. ಒಂದು ಮಗ್ಗುಲಲ್ಲಿ ತೂಕದ ಕಲ್ಲುಗಳ ಚೀಲ, ಇನ್ನೊಂದು ಮಗ್ಗುಲಲ್ಲಿ ವರಹದ ಚೀಲ. ಯಾರಾದರೂ ವಜ್ರ ತಂದರೆ ಅದನ್ನು ಎಲ್ಲರಿಗಿಂತ ಹಿರಿಯ ಹುಡುಗನ ಕೈಯಲ್ಲಿಡಬೇಕು. ಅವನು ನೋಡಿ ಪಕ್ಕದವನಿಗೆ ಕೊಡುವನು. ಹೀಗೆ ಕಲ್ಲು ಒಬ್ಬರಿಂದೊಬ್ಬರಿಗೆ ಕೈ ಬದಲಾಯಿಸಿ, ಯಾರೂ ತುಟಿ ಬಿಚ್ಚದೆ, ತಿರುಗಿ ಹಿರಿಯನ ಬಳಿಗೆ ಬರುವುದು. ಆಮೇಲೆ ಬೆಲೆ ಮಾತಾಗುವುದು. ಹೆಚ್ಚು ಬೆಲೆ ಕೊಟ್ಟು ಮೋಸಹೋದರೆ ಆ ನಷ್ಟ ಹಿರಿಯನದು. ಸಂಜೆಗೆ ಕೊಂಡ ಕಲ್ಲುಗಳನ್ನೆಲ್ಲ ಒಟ್ಟುಮಾಡಿ, ಬಗೆಬಗೆಯಾಗಿ ಬೇರ್ಪಡಿಸಿ, ದೊಡ್ಡ ವ್ಯಾಪಾರಿಗಳಿಗೆ ಮಾರಿ, ಬಂದ ಲಾಭವನ್ನು ತಮ್ಮೊಳಗೆ ಹಂಚಿಕೊಳ್ಳುವರು. ಹಿರಿಯನಿಗೆ ನೂರಕ್ಕೆ ಕಾಲು ಭಾಗ ಮಾತ್ರ ಹೆಚ್ಚು.

ಇದನ್ನು ಓದಿದಾಗ, ಕಂಪನಿಯೆಂಬ ಮಾತು ಹುಟ್ಟದ ಊರಿನಲ್ಲಿ ಕಂಪನಿಯೊಂದು ನಡೆದಿತ್ತಲ್ಲ ಎನಿಸಿತು. ಆದರೆ ಒಂದು ವ್ಯತ್ಯಾಸವನ್ನು ಮರೆಯಲಾಗದು. ಆ ಹುಡುಗರು ಕಲ್ಲನ್ನು ಕೈಯಲ್ಲಿ ಹಿಡಿದು ನೋಡದೆ ಕಾಸು ಬಿಚ್ಚುತ್ತಿರಲಿಲ್ಲ.

ಕಾಣದ ವಸ್ತುವಿಗೆ ಕಾಸು ಕೊಡುವ ರೂಢಿ ನಮ್ಮ ಕಡೆಗೆ ಬಂದುದು ಹತ್ತಿಯ ಬೆನ್ನಿಗೆ. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ತೊಡಗಿದಾಗ ಧಾರವಾಡದ ಹತ್ತಿಗೂ ವರಾಡದ ಹತ್ತಿಗೂ ಬಂಗಾರದ ಬೆಲೆ ಬಂದಿತು. ಮುಂಬಯಿಯಲ್ಲಿ ಹಣ ತುಂಬಿ ತುಳುಕಿತು. ಸಮುದ್ರವನ್ನು ಹೂಳಿ ನೆಲಮಾಡುವೆವೆಂದು ಹೊರಟ ಬ್ಯಾಕ್‌ಬೇ ಕಂಪನಿಯ ಶೇರು ಮುಖಬೆಲೆಯ ಹತ್ತು ಪಟ್ಟಿಗೆ ಏರಿತು. ಯುದ್ಧ 1865ರಲ್ಲಿ ಮುಗಿಯಿತು. ಅದೇ ಜುಲೈ 1ರ ಲೆಕ್ಕ ತೀರಿಸುವ ದಿನ ಕೊಟ್ಟ ಮಾತು ಉಳಿಸಿಕೊಳ್ಳಲಾಗದೆ ಅನೇಕ ಮನೆತನಗಳು ಮುಳುಗಿದವು. ಶೇರು, ಸಟ್ಟಾ, ದಲಾಲ ಎಂಬ ಮಾತುಗಳು ಸೊಲ್ಲಾಪುರದ ಅಡತಿ ಅಂಗಡಿಗಳಲ್ಲಿ ಇಂದಿಗೂ ಒಂದೇ ಉಸಿರಿನಲ್ಲಿ ಬರುವುದುಂಟು.

ಹದಿನೈದು ವರ್ಷಗಳ ತರುವಾಯ ಅದೇ ಜ್ವರ ಗಣಿಗಳಿಗೆ ಹತ್ತಿತು. ನೀಲಗಿರಿಯ ವಯನಾಡಿನಲ್ಲಿ ಚಿನ್ನವಿದೆಯೆಂಬ ವರದಿ ಬಂದುದೇ ತಡ, 1880ರ ಸುಮಾರಿಗೆ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪನಿಗಳು ನಲವತ್ತು ಲಕ್ಷ ಪೌಂಡು ಬಂಡವಾಳದ ಹೆಸರು ಹೇಳಿಕೊಂಡು ಎದ್ದವು. ಸ್ವಲ್ಪ ವರ್ಷಗಳಲ್ಲಿ ದೇವಾಲ, ಪಂದಲೂರುಗಳ ಕಾಡಿನಲ್ಲಿ ತುಕ್ಕು ಹಿಡಿದ ಯಂತ್ರಗಳಷ್ಟೇ ಉಳಿದವು.

ಆ ಅಬ್ಬರದ ಬಾಲಹಿಡಿದು ಬಂದುದು ಕೋಲಾರ. ಲಾವೆಲ್ ಎಂಬ ನಿವೃತ್ತ ಸೈನಿಕನು 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿಯ ಅಪ್ಪಣೆ ಪಡೆದು, ಕೈಯಲ್ಲಿ ಹಣ ಸಾಲದೆ ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟನು. 1880ರಲ್ಲಿ ಮೈಸೂರು ಗೋಲ್ಡ್ ಮೈನಿಂಗ್ ಕಂಪನಿ ಹುಟ್ಟಿತು. ಮೂರು ವರ್ಷ ತೋಡಿದರೂ ಫಲ ಕಾಣದೆ, ಒಂದು ಪೌಂಡಿನ ಶೇರು ಹತ್ತು ಪೆನ್ನಿಗೆ ಇಳಿಯಿತು. ಆಗಿನ ಪೌಂಡಿಗೆ 240 ಪೆನ್ನಿ. ಎಂದರೆ ಇಪ್ಪತ್ತನಾಲ್ಕರಲ್ಲಿ ಒಂದು ಪಾಲು ಬೆಲೆ ಉಳಿಯಿತು. ಮಿಕ್ಕ ಅಲ್ಪ ಹಣವನ್ನು ಪಾಲುಗಾರರಿಗೆ ಹಂಚಿ ಬಾಗಿಲು ಮುಚ್ಚೋಣವೇ ಎಂಬ ಚರ್ಚೆಯೂ ನಡೆಯಿತು. ಜಾನ್ ಟೇಲರ್ ಸಂಸ್ಥೆಯವರ ಒತ್ತಾಯದಿಂದ ಪ್ಲಮ್ಮರ್ ಎಂಬ ಗಣಿಗಾರನನ್ನು ಕಳುಹಿಸಿದರು. ಅವನು ಪ್ರಾಚೀನರು ಅಗೆದು ಬಿಟ್ಟಿದ್ದ ಕುಳಿಗಳ ಜಾಡು ಹಿಡಿದು ಕೆಳಗಿಳಿದಾಗ ಚಾಂಪಿಯನ್ ಪದರವು ಸಿಕ್ಕಿತು. ಅಲ್ಲಿಂದ ಮುಂದೆ 2001ರಲ್ಲಿ ಗಣಿ ಮುಚ್ಚುವವರೆಗೆ ಕೋಲಾರವು ಸುಮಾರು 800 ಟನ್ ಚಿನ್ನ ಕೊಟ್ಟಿತು.

ಹತ್ತು ಪೆನ್ನಿಗೆ ಮಾರಿದವನು ಮೂರ್ಖನೆಂದೂ ಕೊಂಡವನು ಜಾಣನೆಂದೂ ಹೇಳಲು ನನಗೆ ಮನಸ್ಸು ಬಾರದು. ಇಬ್ಬರೂ ಗಣಿಯನ್ನು ಕಂಡವರಲ್ಲ. ಕಂಡವರು ಹಾರೆ ಹಿಡಿದು ಒಳಗಿಳಿದವರು. ಅವರ ಹತ್ತಿರ ಶೇರು ಇರಲಿಲ್ಲ.

ಕೋಲಾರದ ಸುದ್ದಿ ಬಿಸಿಯಾಗಿರುವಾಗಲೇ, 1886ರ ಜನವರಿಯಲ್ಲಿ, ನಮ್ಮ ನೆರೆಯ ನಿಜಾಮ ರಾಜ್ಯದಲ್ಲಿ ಇನ್ನೊಂದು ಕರಾರು ಆಯಿತು. ಅಕ್ಕಲಕೋಟ ಸಂಸ್ಥಾನದ ಗಡಿ ದಾಟಿದರೆ ಆಳಂದ, ಕಲಬುರ್ಗಿ. ಅದೆಲ್ಲ ಆಗ ನಿಜಾಮರದು. ಆ ಇಡೀ ರಾಜ್ಯದ ಖನಿಜಗಳ ಹಕ್ಕು ವಾಟ್ಸನ್, ಸ್ಟುವರ್ಟ್ ಎಂಬ ಇಬ್ಬರು ಇಂಗ್ಲಿಷರ ಪಾಲಾಯಿತು: ಸಿಂಗರೇಣಿಯ ಕಲ್ಲಿದ್ದಲು, ರಾಯಚೂರು ಸೀಮೆಯ ಚಿನ್ನ, ಕೃಷ್ಣಾ ದಂಡೆಯ ಹಳೆಯ ವಜ್ರದ ಗಣಿ ಎಲ್ಲವೂ. ನಿಜಾಮ ಸರ್ಕಾರದ ಪರವಾಗಿ ಮಾತುಕತೆ ನಡೆಸಿದವನು ಅಬ್ದುಲ್ ಹಕ್ ಎಂಬ ಹಿರಿಯ ಅಧಿಕಾರಿ.

ಇಲ್ಲಿ ಮಕ್ಕಳು ಸ್ವಲ್ಪ ಗಮನವಿಟ್ಟು ಓದಬೇಕು. ಹೈದರಾಬಾದ್ ಡೆಕ್ಕನ್ ಕಂಪನಿಯ ಬಂಡವಾಳ ಹತ್ತು ಲಕ್ಷ ಪೌಂಡು. ಹತ್ತು ಪೌಂಡಿನ ಒಂದು ಲಕ್ಷ ಶೇರು. ಇಷ್ಟು ದೊಡ್ಡ ಮೊತ್ತವೆಲ್ಲ ಗಣಿಯ ಕೆಲಸಕ್ಕೆ ಸಲ್ಲುವುದೆಂದು ಯಾರಾದರೂ ತಿಳಿಯುವರು. ಆದರೆ ಅವುಗಳಲ್ಲಿ 85,000 ಶೇರುಗಳನ್ನು ಹಕ್ಕು ಪಡೆದವರೇ ಆ ಹಕ್ಕಿನ ಬೆಲೆಯೆಂದು, ಪೂರ್ತಿ ಹಣ ಸಂದಂತೆ ಬರೆಸಿ ತೆಗೆದುಕೊಂಡರು. ಹಣ ಕೊಟ್ಟು ಕೊಳ್ಳಬೇಕಾದವು 15,000 ಮಾತ್ರ. ಲಂಡನ್ನಿನ ಪೇಟೆಯಲ್ಲಿ ಶೇರಿನ ಬೆಲೆ ಹತ್ತು ಪೌಂಡನ್ನು ಮೀರಿ ಏರಿದಾಗ, ಬಿಟ್ಟಿಯಾಗಿ ಬಂದ ಕಾಗದಗಳು ಹೊರಬಿದ್ದವು. ಕೊಂಡವನ ಹಣ ಗಣಿಗೆ ಹೋಗಲಿಲ್ಲ, ಮಾರಿದವನ ಜೇಬಿಗೆ ಹೋಯಿತು. ಅಬ್ದುಲ್ ಹಕ್ ತಾನೂ ಅದರಲ್ಲಿ ಗುಟ್ಟಾದ ಪಾಲುಗಾರನಾಗಿದ್ದು, ತನ್ನ ಶೇರುಗಳನ್ನು ತನ್ನ ಒಡೆಯನಾದ ನಿಜಾಮರ ಸರ್ಕಾರಕ್ಕೇ ಮಾರಿದನು! ತನ್ನ ನೆಲದ ಹಕ್ಕನ್ನು ಬಿಟ್ಟುಕೊಟ್ಟ ಸರ್ಕಾರವು ಆ ಹಕ್ಕಿನ ಕಾಗದವನ್ನು ಹೆಚ್ಚು ಬೆಲೆಗೆ ಮರಳಿ ಕೊಂಡಂತಾಯಿತು.

1888ರಲ್ಲಿ ಗುಟ್ಟು ಬಯಲಾಯಿತು. ಬ್ರಿಟಿಷ್ ಪಾರ್ಲಿಮೆಂಟು ವಿಚಾರಣಾ ಸಮಿತಿಯನ್ನು ನೇಮಿಸಿತು. ಅಬ್ದುಲ್ ಹಕ್ ಅಧಿಕಾರ ಕಳೆದುಕೊಂಡನು. ನಿಜಾಮರಿಗಾದರೂ ಲಂಡನ್ನಿಗೆ ಪ್ರತಿನಿಧಿಯನ್ನು ಕಳುಹಿಸಿ ವಾದಿಸುವ ಶಕ್ತಿಯಿತ್ತು. ವರ್ತಮಾನಪತ್ರದ ದರ ನೋಡಿ ಎರಡು ಶೇರು, ನಾಲ್ಕು ಶೇರು ಕೊಂಡ ಸಣ್ಣ ಮನುಷ್ಯನ ಪರವಾಗಿ ಯಾರು ಹಡಗು ಹತ್ತಬೇಕು?

ಮೋಸ ನಡೆದುದು ಕಾಗದದಲ್ಲಿ, ನೆಲದಲ್ಲಲ್ಲ ಎಂಬುದೂ ನಿಜ. ಸಿಂಗರೇಣಿಯಲ್ಲಿ ಕಲ್ಲಿದ್ದಲು ಧಾರಾಳವಾಗಿ ಸಿಕ್ಕಿತು, ಇಂದಿಗೂ ಸಿಗುತ್ತಿದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನ ದೊರೆಯಿತು. ಅಲ್ಲಿ ನಮ್ಮ ಪೂರ್ವಜರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ 640 ಅಡಿಯಷ್ಟು ಆಳಕ್ಕೆ ಇಳಿದಿದ್ದ ಗುರುತುಗಳಿವೆ. ಆ ಗಣಿ 1920ರಲ್ಲಿ ನಿಂತು, ಮರಳಿ ಚೇತರಿಸಿಕೊಂಡು, ಈಗ ಕರ್ನಾಟಕ ಸರ್ಕಾರದ ಕಂಪನಿಯ ಕೈಯಲ್ಲಿದೆ. ವಜ್ರ ಮಾತ್ರ ಕಂಪನಿಗೆ ಹೇಳಿಕೊಳ್ಳುವಂಥ ಲಾಭ ತರಲಿಲ್ಲ.

ಆ ಹುಡುಗನು ಮೊನ್ನೆ ಮತ್ತೆ ಸಿಕ್ಕಾಗ ಇಷ್ಟನ್ನು ಹೇಳಿದೆನು. ಅವನು ಎಲ್ಲವನ್ನೂ ಕೇಳಿ, “ಈಗ ವಜ್ರ ಎಲ್ಲೂ ಸಿಗೂದಿಲ್ಲೇನ್ರಿ?” ಎಂದನು. ಅನಂತಪುರ ಜಿಲ್ಲೆಯ ವಜ್ರಕರೂರಿನ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದೊಡನೆ ಜನರು ಬಳ್ಳಾರಿಯ ಕಡೆಯಿಂದಲೂ ಬಂದು, ತೊಳೆದ ಮಣ್ಣಿನಲ್ಲಿ ಬಾಗಿ ಬಾಗಿ ಹುಡುಕುವರೆಂದು ತಿಳಿಸಿದೆನು. ಅಲ್ಲಿ ಏನೂ ಸಿಗದವನು ಕಳೆದುಕೊಳ್ಳುವುದು ಒಂದು ದಿನದ ಕೂಲಿಯನ್ನು, ಹೋಗಿ ಬರುವ ಗಾಡಿ ಖರ್ಚನ್ನು. ಅಕ್ಕಲಕೋಟ ರೋಡ್ ನಿಲ್ದಾಣದ ರೈಲುದಾರಿಯೇ ವಾಡಿ, ರಾಯಚೂರುಗಳ ಮೇಲೆ ಗುಂತಕಲ್ಲಿಗೆ ಹೋಗುತ್ತದೆ. ವಜ್ರಕರೂರು ಅಲ್ಲಿಗೆ ಸಮೀಪ. ಟಿಕೀಟಿಗೆ ಎಷ್ಟಾದೀತೆಂದು ಅವನು ಕೇಳಿದನು.