ಚಿಲಿಂಬಿಯ ಬಾಡಿಗೆ ಮನೆಯ ಶಾಲೆ ಮತ್ತು ಹೆಸರಿಲ್ಲದ ಮಕ್ಕಳು



ಜನವರಿ 30 ಅಂದ ಕೂಡ್ಲೆ ಎಲ್ಲರಿಗೂ ಗಾಂಧೀಜಿ ನೆನಪಾಗ್ತಾರೆ. ನಮ್ಮ ಮಂಗಳೂರಿನವರಿಗೆ ಇನ್ನೊಂದು ನೆನಪೂ ಇರಬೇಕು. 1928ರ ಅದೇ ದಿನ ಕುದ್ಮುಲ್ ರಂಗರಾವ್ ತೀರಿಕೊಂಡರು. ಪುರಭವನಕ್ಕೆ ಅವರ ಹೆಸರುಂಟು. ಒಳಗೆ ಕಾರ್ಯಕ್ರಮಕ್ಕೆ ಹೋಗಿ ಬರುವ ಎಷ್ಟು ಜನರಿಗೆ ಅವರು ಯಾರು ಅಂತ ಗೊತ್ತು?

ನಾನು ಕೆಲಸ ಮಾಡುವ ಬಂದರಿನಿಂದ ಉರ್ವ ಚಿಲಿಂಬಿ ದೂರ ಅಲ್ಲ, ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ. 1892ರಲ್ಲಿ ವಕೀಲರಾಗಿದ್ದ, ಬ್ರಹ್ಮಸಮಾಜದ ರಂಗರಾಯರು ನಮ್ಮ ಮಕ್ಕಳಿಗಾಗಿ ಅಲ್ಲಿ ಒಂದು ಬಾಡಿಗೆ ಮನೆಯಲ್ಲಿ ಶಾಲೆ ಸುರು ಮಾಡಿದರು. ಪೇಟೆಯ ಪಕ್ಕದಲ್ಲೇ ಇದ್ದರೂ ನಮ್ಮವರ ಪಾಲಿಗೆ ಶಾಲೆ ಅಂದ್ರೆ ಆಗ ಬೇರೆಯೇ ಲೋಕ.

ಪ್ರತ್ಯೇಕ ಶಾಲೆ ಯಾಕೆ, ಸರ್ಕಾರಿ ಶಾಲೆ ಇರಲಿಲ್ವಾ ಅಂತ ಕೇಳುವವರು ಧಾರವಾಡದ ಕತೆ ಓದಬೇಕು. 1856ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಮುಂಬೈ ಸರ್ಕಾರ ಅವನನ್ನು ಸೇರಿಸಲಿಲ್ಲ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಟ್ಟಾರು ಎಂಬ ಭಯ. ಕೊನೆಗೆ ಲಂಡನ್ನಿನಿಂದಲೇ ಜಾತಿ ನೋಡಿ ಯಾರನ್ನೂ ಹೊರಗಿಡಬಾರದು ಅಂತ ಮಾತು ಬಂತು. 1882ರ ಹಂಟರ್ ಆಯೋಗವೂ ಆ ತತ್ವವನ್ನೇ ಎತ್ತಿ ಹಿಡಿಯಿತು. ಆದರೆ ಕಾಗದದ ಮೇಲಿದ್ದ ಹಕ್ಕು ತರಗತಿಯ ಬೆಂಚಿಗೆ ಇಳಿಯಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಸಂಕೋಲೆ ಇತ್ತು. 1843ರ ಕಾಯ್ದೆಯಿಂದ ಗುಲಾಮಗಿರಿಗೆ ಕಾನೂನಿನ ಬೆಂಬಲ ಹೋಯಿತು. ಆದರೆ ಮೂಲದಾಳುಗಳು ಅಂತ ಸಾಲಕ್ಕೆ, ಧಣಿಯ ಮನೆಗೆ ಕಟ್ಟಿಬಿದ್ದವರು ಹಾಗೇ ಉಳಿದರು. ಅಂಥ ಮನೆಯ ಹುಡುಗ ಸ್ಲೇಟು ಹಿಡಿದರೆ ದನ ಮೇಯಿಸುವವರು ಯಾರು? ಅಕ್ಷರ ಕಲಿತವ ಸಾಲದ ಲೆಕ್ಕ ಕೇಳಿದರೆ ಏನು ಗತಿ? ಶಾಲೆಗೆ ಬಂದ ವಿರೋಧದಲ್ಲಿ ಮಡಿ ಮೈಲಿಗೆಯ ಜೊತೆ ಈ ಹೊಟ್ಟೆಪಾಡಿನ ಲೆಕ್ಕವೂ ಇತ್ತು ಅಂತ ನನ್ನ ತಿಳುವಳಿಕೆ.

ರಂಗರಾಯರಿಗೆ ಇದು ಅರ್ಥವಾಗಿತ್ತು. ಅವರ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಇತ್ತು, ಬಂದ ದಿನಕ್ಕೆ ಪುಡಿಗಾಸೂ ಇತ್ತು. ಇದನ್ನು ದಾನ ಅನ್ನಬೇಡಿ. ಮಗು ಶಾಲೆಗೆ ಬಂದಾಗ ಮನೆಗೆ ಆಗುವ ನಷ್ಟ ತುಂಬಿಕೊಡುವ ಲೆಕ್ಕ ಅದು. ಮದ್ರಾಸ್ ನಗರದ ಶಾಲೆಯಲ್ಲಿ ಊಟ ಸುರುವಾದದ್ದು 1920ರಲ್ಲಿ. ದೇಶದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬಿಸಿಯೂಟ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ.

1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಹುಟ್ಟಿತು. ಕಂಕನಾಡಿ, ಮೂಲ್ಕಿ, ಉಡುಪಿ ಕಡೆಗೂ ಶಾಲೆಗಳು ಹಬ್ಬಿದವು. ಪಾಠದ ಜೊತೆ ನೇಯ್ಗೆ, ಮರಗೆಲಸ ಕಲಿಸಿದರು. ಇದಕ್ಕೆಲ್ಲ ರಂಗರಾಯರು ಸ್ವಂತ ಜಾತಿಯಿಂದ ಬಹಿಷ್ಕಾರ ಉಂಡರು. ತಾನು ಕಲಿಸಿದ ಮಗು ದೊಡ್ಡವನಾಗಿ ಕಾರಿನಲ್ಲಿ ಹೋಗುವಾಗ ಆ ಧೂಳು ತನ್ನ ತಲೆಗೆ ಬೀಳಲಿ ಅನ್ನುವ ಅವರ ಆಸೆಯನ್ನು ಪ್ರತಿ ಭಾಷಣದಲ್ಲೂ ಕೇಳ್ತೇವೆ.

ನನ್ನ ತಕರಾರು ಇಲ್ಲೇ. ಭಾಷಣ ಧೂಳಿನಲ್ಲೇ ಮುಗಿಯುತ್ತದೆ. ಧಣಿಯ ಕಣ್ಣು ತಪ್ಪಿಸಿ ಮಗುವನ್ನು ಕಳಿಸಿದ ಅಪ್ಪೆಯ ಮಾತೇ ಬರುವುದಿಲ್ಲ. ಕಲಿಸಿದವರಿಗೆ ಧೈರ್ಯ ಬೇಕಿತ್ತು, ನಿಜ. ಕಲಿಯಲು ಬಂದವರಿಗೆ ಅದಕ್ಕಿಂತ ಹೆಚ್ಚು ಬೇಕಿತ್ತು. ರಾಯರು ಕಳೆದುಕೊಂಡದ್ದು ಜಾತಿಯನ್ನು. ಇವರು ಕಳೆದುಕೊಳ್ಳುವ ಸಾಧ್ಯತೆ ಇದ್ದದ್ದು ಆ ದಿನದ ಗಂಜಿಯನ್ನು.

ಇವತ್ತು ಮಕ್ಕಳು ಕಡಿಮೆ ಅಂತ ಸಣ್ಣ ಸರ್ಕಾರಿ ಶಾಲೆಗಳನ್ನು ವಿಲೀನ ಮಾಡುವ ಮಾತು ಮತ್ತೆ ಮತ್ತೆ ಬರ್ತದೆ. ಹತ್ತು ಮಕ್ಕಳ ಶಾಲೆ ಖರ್ಚಿನ ಬಾಬತ್ತು ಅಂತ ಹೇಳುವವರಿಗೆ ಚಿಲಿಂಬಿಯ ಬಾಡಿಗೆ ಮನೆ ತೋರಿಸಿ. ಆ ಹತ್ತರಲ್ಲಿ ಮನೆಯ ಮೊದಲ ಅಕ್ಷರಸ್ಥರು ಎಷ್ಟು ಅಂತ ಕೇಳಿ.

ಒಂದು ಕೆಲಸ ಮಾಡುವ. ನಿಮ್ಮ ಮನೆಯಿಂದ ಮೊದಲು ಶಾಲೆಗೆ ಹೋದವರು ಯಾರು, ಯಾವ ಶಾಲೆ, ಯಾವ ವರ್ಷ ಅಂತ ಹಿರಿಯರನ್ನು ಕೇಳಿ ಬರೆದಿಡಿ. ಹಿರಿಯರು ಇರುವಾಗಲೇ ಕೇಳಿ. ಪುರಭವನದ ಬೋರ್ಡಿನಲ್ಲಿ ಒಂದು ಹೆಸರುಂಟು. ಉಳಿದ ಹೆಸರುಗಳನ್ನು ನಾವೇ ಬರೆಯಬೇಕು.