ಕಪ್ಪದ ಮಾತು, ದತ್ತಕದ ಕದನ: ಯುದ್ಧಚಿತ್ರಗಳ ಚಾರಿತ್ರಿಕತೆಯನ್ನು ಕುರಿತು

ಚಾರಿತ್ರಿಕ ಯುದ್ಧಗಳನ್ನು ವಸ್ತುವಾಗಿಸಿಕೊಂಡ ಚಲನಚಿತ್ರಗಳ ಬಗೆಗೆ ನಮ್ಮಲ್ಲಿ ಎರಡು ನಿಲುವುಗಳು ರೂಢಿಯಲ್ಲಿವೆ. ಇತಿಹಾಸಕಾರರು ದಾಖಲೆಗಳನ್ನು ಮುಂದಿಟ್ಟುಕೊಂಡು ಚಿತ್ರದ ತಪ್ಪುಗಳನ್ನು ಎಣಿಸುತ್ತಾರೆ. ಚಿತ್ರದ ಸಮರ್ಥಕರು ‘ಇದು ಕಲೆ, ಇತಿಹಾಸವಲ್ಲ’ ಎಂದು ವಾದವನ್ನು ಮುಗಿಸುತ್ತಾರೆ. ಈ ಎರಡೂ ನಿಲುವುಗಳು ಒಂದು ಮುಖ್ಯ ಪ್ರಶ್ನೆಯನ್ನು ಬದಿಗೆ ಸರಿಸುತ್ತವೆ. ಚಿತ್ರವು ದಾಖಲೆಯಿಂದ ಎಲ್ಲಿ ಸರಿಯಿತು ಎಂಬುದು ತಿಳಿದ ಮೇಲೆ, ಅದು ಸರಿದು ಹೋಗಿ ನಿಂತದ್ದು ಎಲ್ಲಿ ಮತ್ತು ಏಕೆ ಎಂಬುದನ್ನೂ ಕೇಳಬೇಕಲ್ಲವೆ? ಲಾವಣಿ, ಗೀಗೀ ಪದ, ವೀರಗಾಥೆಗಳನ್ನು ಅಭ್ಯಸಿಸುವ ಜಾನಪದ ವಿದ್ವಾಂಸರಿಗೆ ಈ ಪ್ರಶ್ನೆ ಹೊಸದಲ್ಲ. ಪ್ರಸ್ತುತ ಲೇಖನದಲ್ಲಿ ಕಿತ್ತೂರಿನ ಸಮರವನ್ನು ಕುರಿತ ಚಿತ್ರಗಳನ್ನು ಮುಖ್ಯವಾಗಿ ಇರಿಸಿಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಲಾಗಿದೆ.

ಮೊದಲು ಹೊರಗಿನ ಒಂದು ನಿದರ್ಶನವನ್ನು ಗಮನಿಸಬಹುದು. ಸೈ ಎಂಡ್‌ಫೀಲ್ಡ್ ನಿರ್ದೇಶನದ ‘ಜುಲು’ (1964) ಯುದ್ಧಚಿತ್ರಗಳ ಸಾಲಿನಲ್ಲಿ ಅಭಿಜಾತವೆನಿಸಿದ ಕೃತಿ. 1879ರ ಜನವರಿ 22 ಮತ್ತು 23ರಂದು ದಕ್ಷಿಣ ಆಫ್ರಿಕದ ರೋರ್ಕ್ಸ್ ಡ್ರಿಫ್ಟ್ ಎಂಬಲ್ಲಿ ಸುಮಾರು 150 ಮಂದಿಯ ಬ್ರಿಟಿಷ್ ಪಡೆ ಸಾವಿರಾರು ಜುಲು ಯೋಧರನ್ನು ಎದುರಿಸಿದ ಘಟನೆ ಇದರ ವಸ್ತು. ಚಿತ್ರದಲ್ಲಿ ಜುಲುಗಳ ಸಮೂಹಗಾನಕ್ಕೆ ಪ್ರತಿಯಾಗಿ ಬ್ರಿಟಿಷ್ ಸೈನಿಕರು ವೇಲ್ಸ್ ನಾಡಿನ ವೀರಗೀತೆಯೊಂದನ್ನು ಹಾಡುತ್ತಾರೆ. ಕೊನೆಯಲ್ಲಿ ಜುಲು ಯೋಧರು ಎದುರಾಳಿಗಳ ಶೌರ್ಯಕ್ಕೆ ವಂದನೆ ಸಲ್ಲಿಸಿ ಹಿಂದಿರುಗುತ್ತಾರೆ. ಇವೆರಡೂ ನಡೆದುದಲ್ಲ. ಆಗ ಆ ದಳಕ್ಕೆ ವೇಲ್ಸ್‌ನ ಹೆಸರೂ ಇರಲಿಲ್ಲ. ಅದು ವಾರ್ವಿಕ್‌ಶೈರ್ ಪ್ರಾಂತದ ಹೆಸರಿನ ದಳವಾಗಿತ್ತು. ಆದರೆ ಹಾಡಿಗೆ ಹಾಡಿನ ಉತ್ತರ ಮತ್ತು ವೈರಿಯಿಂದಲೇ ಬರುವ ಪ್ರಶಂಸೆ ಇವೆರಡೂ ಮೌಖಿಕ ವೀರಕಾವ್ಯಗಳಲ್ಲಿ ಪರಿಚಿತವಾದ ಆಶಯಗಳು. ಚಿತ್ರವು ದಾಖಲೆಯನ್ನು ಬಿಟ್ಟು ಗಾಥೆಯ ದಾರಿಯನ್ನು ಹಿಡಿದಿದೆ.

ಅದೇ ಚಿತ್ರದಲ್ಲಿ ಇನ್ನೊಂದು ಬಗೆಯ ವ್ಯತ್ಯಾಸವೂ ಇದೆ. ಸೈನಿಕ ಹೆನ್ರಿ ಹುಕ್‌ನನ್ನು ಕುಡುಕ ಹಾಗೂ ಮೈಗಳ್ಳನನ್ನಾಗಿ ಚಿತ್ರಿಸಲಾಗಿದೆ. ನಿಜವಾದ ಹುಕ್ ಮದ್ಯದಿಂದ ದೂರವಿದ್ದವನು, ಒಳ್ಳೆಯ ನಡತೆಗೆ ಹೆಸರಾದವನು, ವಿಕ್ಟೋರಿಯಾ ಕ್ರಾಸ್ ಪಡೆದ 11 ಮಂದಿಯಲ್ಲಿ ಒಬ್ಬ. ಯುದ್ಧ ಮುಗಿದ ಮೇಲೆ ಗಾಯಗೊಂಡು ಬಿದ್ದಿದ್ದ ಜುಲುಗಳನ್ನು ಕೊಲ್ಲಲಾಯಿತು ಎಂಬ ಸಂಗತಿಗೆ ಚಿತ್ರದಲ್ಲಿ ಸ್ಥಾನವಿಲ್ಲ. ಹಾಡನ್ನು ಸೇರಿಸಿದ್ದು ಮತ್ತು ಹುಕ್‌ನ ಚಾರಿತ್ರ್ಯವನ್ನು ಕೆಡಿಸಿದ್ದು ಎರಡೂ ‘ಚಾರಿತ್ರಿಕ ದೋಷ’ ಎಂಬ ಒಂದೇ ಹೆಸರಿಗೆ ಸಲ್ಲುವಂಥವಲ್ಲ. ಮೊದಲನೆಯದು ನಿರೂಪಣೆಯ ರೂಢಿ. ಎರಡನೆಯದು ಒಬ್ಬ ವ್ಯಕ್ತಿಗೆ ಮಾಡಿದ ಅನ್ಯಾಯ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಕಿತ್ತೂರಿನ ಕಡೆಗೆ ಬರಬಹುದು.

1959ರಲ್ಲಿ ಬಿ. ಆರ್. ಪಂತುಲು ಅವರು ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ ಚಿತ್ರವನ್ನು ನಿರ್ದೇಶಿಸಿದರು. ಎರಡು ವರ್ಷಗಳ ನಂತರ, 1961ರಲ್ಲಿ, ಅವರದೇ ನಿರ್ದೇಶನದಲ್ಲಿ ‘ಕಿತ್ತೂರು ಚೆನ್ನಮ್ಮ’ ತೆರೆಗೆ ಬಂದಿತು. ಚೆನ್ನಮ್ಮನಾಗಿ ಬಿ. ಸರೋಜಾದೇವಿ, ಮಲ್ಲಸರ್ಜನಾಗಿ ರಾಜಕುಮಾರ್, ರುದ್ರಮ್ಮನಾಗಿ ಎಂ. ವಿ. ರಾಜಮ್ಮ ಅಭಿನಯಿಸಿದ ಈ ಚಿತ್ರ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರೀಯ ಮನ್ನಣೆಯನ್ನೂ ಪಡೆಯಿತು. ಇಡೀ ಚಿತ್ರದಲ್ಲಿ ಜನರ ನಾಲಗೆಯ ಮೇಲೆ ಉಳಿದುದು ಒಂದು ಸಂಭಾಷಣೆ. ಕಂಪನಿ ಸರ್ಕಾರಕ್ಕೆ ಕಪ್ಪವನ್ನೇಕೆ ಕೊಡಬೇಕು ಎಂದು ರಾಣಿ ಕೇಳುವ ಮಾತು ಅದು. ನೆಂಟಸ್ತಿಕೆಯೂ ಇಲ್ಲದ, ಹೊಲದ ದುಡಿಮೆಯಲ್ಲಿ ಪಾಲೂ ಇಲ್ಲದ ಪರದೇಶಿಗೆ ನಮ್ಮ ನೆಲದ ಫಲದ ಮೇಲೆ ಯಾವ ಹಕ್ಕು ಎಂಬುದು ಅದರ ತಾತ್ಪರ್ಯ. ಶಾಲೆಗಳ ಏಕಪಾತ್ರಾಭಿನಯದಲ್ಲಿ, ಛದ್ಮವೇಷ ಸ್ಪರ್ಧೆಗಳಲ್ಲಿ, ಉತ್ಸವಗಳ ಮೆರವಣಿಗೆಯಲ್ಲಿ ಚೆನ್ನಮ್ಮನೆಂದರೆ ಈ ಮಾತೇ ಆಗಿದೆ.

ಇದೇ ಧಾಟಿಯ ಸಂಭಾಷಣೆ ಕಟ್ಟಬೊಮ್ಮನ್ ಚಿತ್ರದಲ್ಲಿ ಇದಕ್ಕೆ ಮೊದಲೇ ಇತ್ತು. ಅಲ್ಲಿ ಶಿವಾಜಿ ಗಣೇಶನ್ ಅವರು ಕಲೆಕ್ಟರ್ ಜಾಕ್ಸನ್‌ನ ಎದುರು ನಿಂತು ತೆರಿಗೆಯ ಹಕ್ಕನ್ನು ಪ್ರಶ್ನಿಸುತ್ತಾರೆ. ಪಾಂಚಾಲಂಕುರಿಚಿಯ ಪಾಳೆಯಗಾರನಾದ ಕಟ್ಟಬೊಮ್ಮನಿಗೂ ಕಂಪನಿಗೂ ನಡೆದ ಕಲಹದ ಮೂಲ ಕಂದಾಯದ ಬಾಕಿಯೇ ಆಗಿತ್ತು. 1798ರಲ್ಲಿ ರಾಮನಾಥಪುರದಲ್ಲಿ ಆತ ಜಾಕ್ಸನ್‌ನನ್ನು ಭೇಟಿಯಾದದ್ದೂ, 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಆತನನ್ನು ಗಲ್ಲಿಗೇರಿಸಿದ್ದೂ ದಾಖಲಾದ ಸಂಗತಿಗಳು. ಆದುದರಿಂದ ತಮಿಳು ಚಿತ್ರದ ಆ ಸಂಭಾಷಣೆ ಕಲ್ಪಿತವಾದರೂ ಕಲಹದ ಕಾರಣಕ್ಕೆ ನಿಷ್ಠವಾಗಿದೆ. ಒಬ್ಬನೇ ನಿರ್ದೇಶಕನ ಎರಡು ಚಿತ್ರಗಳ ನಡುವೆ ಈ ಆಶಯ ಪಾಂಚಾಲಂಕುರಿಚಿಯಿಂದ ಕಿತ್ತೂರಿಗೆ ಪಯಣಿಸಿತು. ಕಥೆಯ ಆಶಯಗಳು ಒಬ್ಬ ವೀರನಿಂದ ಇನ್ನೊಬ್ಬ ವೀರನಿಗೆ ವರ್ಗವಾಗುವುದು ಮೌಖಿಕ ಪರಂಪರೆಯ ಸಹಜ ಗುಣ. ಇಲ್ಲಿ ಆ ಪಯಣದ ಎರಡು ತುದಿಗಳೂ ಇಸವಿಸಹಿತವಾಗಿ ನಮಗೆ ದೊರೆಯುತ್ತವೆ ಎಂಬುದೇ ವಿಶೇಷ.

ಹಾಗಾದರೆ ಕಿತ್ತೂರಿನ ಕಲಹದ ಕಾರಣವೇನು? 1818ರಲ್ಲಿ ಪೇಶ್ವೆಯ ವಿರುದ್ಧ ನಡೆದ ಯುದ್ಧದಲ್ಲಿ ಕಿತ್ತೂರು ಸಂಸ್ಥಾನ ಕಂಪನಿಯ ಪಕ್ಷದಲ್ಲಿತ್ತು. ಆ ಬಳಿಕ ವರ್ಷಕ್ಕೆ 1,75,000 ರೂಪಾಯಿಗಳ ಕಾಣಿಕೆಗೆ ಒಪ್ಪಿ ದೇಸಾಯಿ ಶಿವಲಿಂಗರುದ್ರಸರ್ಜನು ಸಂಸ್ಥಾನವನ್ನು ಉಳಿಸಿಕೊಂಡಿದ್ದನು. 1824ರ ಸೆಪ್ಟೆಂಬರಿನಲ್ಲಿ ಆತ ಮಕ್ಕಳಿಲ್ಲದೆ ತೀರಿಕೊಂಡನು. ಸಾವಿಗೆ ಮುನ್ನ ದತ್ತು ಸ್ವೀಕಾರ ನಡೆದಿದೆ ಎಂದು ಸಂಸ್ಥಾನ ತಿಳಿಸಿತು. ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟನಾಗಿದ್ದ ಥ್ಯಾಕರೆ ಆ ದತ್ತಕವನ್ನು ಒಪ್ಪಲಿಲ್ಲ. ಪತ್ರದ ಸಹಿಯ ಬಗೆಗೇ ಸಂಶಯಪಟ್ಟನು. ಖಜಾನೆಗೆ ಮುದ್ರೆ ಬಿತ್ತು, ಕಾವಲು ನಿಂತಿತು. ಮಲ್ಲಸರ್ಜನ ವಿಧವೆಯಾದ ಚೆನ್ನಮ್ಮ ಸಂಸ್ಥಾನದ ಹಕ್ಕನ್ನು ಬಿಡಲೊಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ನಡೆದ ಕಾಳಗದಲ್ಲಿ ಥ್ಯಾಕರೆಯೂ ಅವನ ಸೇನಾಧಿಕಾರಿಗಳಲ್ಲಿ ಕೆಲವರೂ ಹತರಾದರು. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕಿದರು. ಡಿಸೆಂಬರಿನ ಮೊದಲ ವಾರದಲ್ಲಿ ಕಂಪನಿಯ ದೊಡ್ಡ ಸೇನೆ ಕೋಟೆಯನ್ನು ವಶಪಡಿಸಿಕೊಂಡಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮ ನಿಧನಳಾದಳು.

ಅಂದರೆ 1824ರ ಕದನ ಕಪ್ಪವನ್ನು ನಿರಾಕರಿಸಿದ್ದರಿಂದ ಹುಟ್ಟಿದುದಲ್ಲ. ವಾರಸುದಾರಿಕೆಯ ಪ್ರಶ್ನೆಯಿಂದ ಹುಟ್ಟಿದುದು. ಇದೇನು ಸಣ್ಣ ವ್ಯತ್ಯಾಸ ಎನ್ನುವಂತಿಲ್ಲ. ದತ್ತಕವನ್ನು ಅಮಾನ್ಯ ಮಾಡಿ ಸಂಸ್ಥಾನಗಳನ್ನು ನುಂಗುವ ನೀತಿ ಡಾಲ್‌ಹೌಸಿಯ ಕಾಲದಲ್ಲಿ, 1848ರ ಸಾತಾರಾ ಪ್ರಕರಣದಿಂದ ಮೊದಲಾಗಿ, ಉಗ್ರರೂಪ ತಾಳಿತು. ಝಾನ್ಸಿಯ ಸಂಕಟಕ್ಕೂ ಅದೇ ಮೂಲ. ಆ ನೀತಿಯ ಪೂರ್ವರೂಪವನ್ನು ಅದಕ್ಕೂ ಎರಡು ದಶಕಗಳ ಹಿಂದೆಯೇ ಎದುರಿಸಿದ್ದು ಕಿತ್ತೂರು. ಚೆನ್ನಮ್ಮನ ಚಾರಿತ್ರಿಕ ಮಹತ್ವ ಇಲ್ಲಿದೆ. ಕಪ್ಪದ ಸಂಭಾಷಣೆ ಎಷ್ಟೇ ರೋಮಾಂಚಕವಾಗಿದ್ದರೂ ಈ ಮಹತ್ವವನ್ನು ಮರೆಮಾಡುತ್ತದೆ. ರಾಣಿಯನ್ನು ಹಿಗ್ಗಿಸಲು ಹೊರಟ ಮಾತು ಆಕೆಯ ನಿಜವಾದ ಹೋರಾಟವನ್ನು ಕುಗ್ಗಿಸಿದೆ.

ಹೀಗೆಂದು ಆ ಸಂಭಾಷಣೆಯನ್ನು ಸುಳ್ಳೆಂದು ತಳ್ಳಿಹಾಕಿ ಮುಗಿಸಬಹುದೆ? ಇಲ್ಲಿ ಸಂಗೊಳ್ಳಿ ರಾಯಣ್ಣನ ಪ್ರಕರಣವನ್ನು ನೋಡಬೇಕು. ರಾಯಣ್ಣನು ಸೇವೆಗೆ ಪ್ರತಿಯಾಗಿ ಇನಾಮು ಭೂಮಿಯನ್ನು ಅನುಭವಿಸುತ್ತಿದ್ದ ಶೇತಸನದಿ ವರ್ಗಕ್ಕೆ ಸೇರಿದವನು. ಕಿತ್ತೂರು ಪತನವಾದ ಮೇಲೆ ಇಂಥವರ ಭೂಮಿಗೆ ಸಂಚಕಾರ ಬಂತು. ಕಂದಾಯದ ಹೊರೆ ಬಿತ್ತು. 1829–30ರ ಬಂಡಾಯದಲ್ಲಿ ಅವನ ದಂಡು ಬೀಡಿಯ ಕಚೇರಿಯನ್ನು ಸುಟ್ಟದ್ದು, ಸರ್ಕಾರದ ಕಾಗದಪತ್ರಗಳಿಗೆ ಬೆಂಕಿಯಿಟ್ಟದ್ದು, ಕಾಡಿನ ಮರೆಯಲ್ಲಿ ನಿಂತು ಕಾದಾಡಿದ್ದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಭೂಮಿಯ ಲೆಕ್ಕವಿರುವ ದಫ್ತರವೇ ಅವರ ಪಾಲಿಗೆ ಶತ್ರುವಿನ ಆಯುಧವಾಗಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಲಾಯಿತು. ಉತ್ತುಬಿತ್ತುವವನ ನೆಲದ ಮೇಲೆ ಪರರಿಗೆ ಯಾವ ಹಕ್ಕು ಎಂಬ ಪ್ರಶ್ನೆ ನಿಜಕ್ಕೂ ಸಲ್ಲುವುದು ಇಲ್ಲಿ. ಅರಮನೆಯ ಕಲಹ ದತ್ತಕದ್ದು, ಹೊಲದ ಕಲಹ ಕಂದಾಯದ್ದು. ಚಿತ್ರವು ಹೊಲದ ಮಾತನ್ನು ಅರಮನೆಯ ಬಾಯಿಂದ ಆಡಿಸಿತು. ಆ ಸಂಭಾಷಣೆ ಚೆನ್ನಮ್ಮನ ಮಟ್ಟಿಗೆ ಅಚಾರಿತ್ರಿಕ. ಆಕೆಯ ಪ್ರಜೆಗಳ ಮಟ್ಟಿಗೆ ಅದರಲ್ಲಿ ಸತ್ಯಾಂಶವಿದೆ. ಜನ ಅದನ್ನು ತಮ್ಮದೆಂದು ಸ್ವೀಕರಿಸಿದ್ದಕ್ಕೆ ಅಭಿನಯದ ಸೊಗಸಷ್ಟೇ ಕಾರಣವಾಗಿರಲಾರದು.

ಈ ಸಂದರ್ಭದಲ್ಲಿ ಲಾವಣಿಗಳ ಸಾಕ್ಷ್ಯವನ್ನು ಪಕ್ಕಕ್ಕಿಟ್ಟು ನೋಡುವುದು ಉಪಯುಕ್ತ. ಜೆ. ಎಫ್. ಫ್ಲೀಟ್ ಅವರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಕರ್ನಾಟಕ ಪ್ರದೇಶದ ಲಾವಣಿಗಳನ್ನು ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಪ್ರಕಟಿಸಿದರು. ಸಂಗೊಳ್ಳಿ ರಾಯಣ್ಣನ ಲಾವಣಿಯೂ ಹಲಗಲಿ ಬೇಡರ ಲಾವಣಿಯೂ ಅವುಗಳಲ್ಲಿವೆ. ಹಲಗಲಿಯ ಲಾವಣಿಯಲ್ಲಿ ಕದನದ ಕಾರಣ ಸ್ಪಷ್ಟವಾಗಿದೆ: 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದು ಹೊರಡಿಸಿದ ಆಜ್ಞೆ. ಲಾವಣಿಕಾರ ವೀರರ ಪರಾಕ್ರಮವನ್ನು ಅತಿಶಯಗೊಳಿಸುತ್ತಾನೆ, ಆದರೆ ಕಾರಣವನ್ನು ಬದಲಿಸುವುದಿಲ್ಲ. ಜನಪದರದು ಕಲ್ಪನೆ, ಶಿಷ್ಟರದು ಇತಿಹಾಸ ಎಂಬ ಸರಳ ವಿಭಜನೆ ಇಲ್ಲಿ ನಿಲ್ಲುವುದಿಲ್ಲ. ಹಲಗಲಿಯ ಮಟ್ಟಿಗೆ ಅನಾಮಧೇಯ ಲಾವಣಿಕಾರನು ಕಾರಣವನ್ನು ಕಾಪಾಡಿದ್ದಾನೆ. ಕಿತ್ತೂರಿನ ಮಟ್ಟಿಗೆ ಸುಸಜ್ಜಿತ ಚಿತ್ರವೊಂದು ಅದನ್ನು ಬದಲಿಸಿದೆ.

2012ರ ನವೆಂಬರ್ 1ರಂದು ತೆರೆಕಂಡ ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಅರ್ಧ ಶತಮಾನದ ನಂತರದ ಕೃತಿ. ದರ್ಶನ್ ರಾಯಣ್ಣನಾಗಿಯೂ ಜಯಪ್ರದಾ ಚೆನ್ನಮ್ಮನಾಗಿಯೂ ಅಭಿನಯಿಸಿದ ಈ ಚಿತ್ರದಲ್ಲಿ ಕೇಂದ್ರವು ಅರಮನೆಯಿಂದ ಬಂಟನ ಕಡೆಗೆ ಸರಿದಿರುವುದು ಗಮನಾರ್ಹ. ಲಾವಣಿ ಪರಂಪರೆಯಲ್ಲಿ ಬಹಳ ಹಿಂದೆಯೇ ರಾಯಣ್ಣನಿಗೆ ದೊರೆತಿದ್ದ ಸ್ಥಾನ ಬೃಹತ್ ಬಂಡವಾಳದ ಚಿತ್ರದಲ್ಲಿ ದೊರೆಯಲು ಇಷ್ಟು ಕಾಲ ಬೇಕಾಯಿತು. ಆದರೆ ತಾರಾಮೌಲ್ಯದ ಚಿತ್ರಕ್ಕೆ ಎದುರುಬದುರು ಕಾದಾಟದ ವೈಭವ ಬೇಕು. ಹೊಂಚು, ಓಟ, ಹಸಿವು, ಹಳ್ಳಿಗಳ ಗುಟ್ಟಿನ ಬೆಂಬಲ, ಸುಟ್ಟ ಕಾಗದಗಳು—ಇವುಗಳಿಂದ ಕೂಡಿದ ಬಂಡಾಯವನ್ನು ಆ ವೈಭವದಲ್ಲಿ ಹಿಡಿದಿಡುವುದು ಕಷ್ಟ. ಪೋಷಾಕು, ಆಯುಧಗಳ ವಿವರದಲ್ಲಿ ಇಂದಿನ ಚಿತ್ರಗಳು ಎಷ್ಟೇ ಎಚ್ಚರ ವಹಿಸಿದರೂ ಯುದ್ಧದ ಸ್ವರೂಪವೇ ಬದಲಾದರೆ ಆ ಎಚ್ಚರದಿಂದ ಆಗುವ ಲಾಭ ಅಲ್ಪ.

ಇನ್ನು ದ್ರೋಹದ ಆಶಯ. ಕಿತ್ತೂರಿನ ಕಥನಗಳಲ್ಲಿ ಮದ್ದಿನಲ್ಲಿ ಸಗಣಿಯನ್ನೂ ಧಾನ್ಯವನ್ನೂ ಬೆರೆಸಿದ ಮನೆಮುರುಕರ ಪ್ರಸಂಗ ತಪ್ಪದೆ ಬರುತ್ತದೆ. ತಮ್ಮ ಕೋಟೆ ಶೌರ್ಯದ ಕೊರತೆಯಿಂದ ಬೀಳಲಿಲ್ಲ ಎಂದು ಸಮುದಾಯ ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಇದರಲ್ಲಿದೆ. ಡಿಸೆಂಬರಿನಲ್ಲಿ ಬಂದ ಸೇನೆ ಅಕ್ಟೋಬರಿನ ತುಕಡಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿತ್ತು ಎಂಬ ಸರಳ ಸಂಗತಿ ಕಥೆಗೆ ಸಾಲದು. ರಾಯಣ್ಣನನ್ನು ಹಿಡಿದುಕೊಟ್ಟವರ ವಿಷಯ ಬೇರೆ, ಅದಕ್ಕೆ ದಾಖಲೆಯ ಆಧಾರವಿದೆ. ಆಧಾರವಿರುವ ದ್ರೋಹವನ್ನೂ ಆಶಯವಾಗಿ ಬಂದ ದ್ರೋಹವನ್ನೂ ಬೇರ್ಪಡಿಸುವುದು ಪಾಂಡಿತ್ಯದ ಸೂಕ್ಷ್ಮವಷ್ಟೇ ಅಲ್ಲ, ನೈತಿಕ ಹೊಣೆಯೂ ಹೌದು. ಲಾವಣಿಯನ್ನು ಒಂದು ಊರಿನ ಜಾತ್ರೆಯಲ್ಲಿ ಕೇಳಿದವರು ನೂರಾರು ಜನ; ಅಲ್ಲಿಯೇ ಇನ್ನೊಬ್ಬ ಹಾಡುಗಾರ ಬೇರೊಂದು ಪಾಠವನ್ನು ಹಾಡಬಹುದಿತ್ತು. ಚಿತ್ರಕ್ಕೆ ಪಾಠಾಂತರವಿಲ್ಲ. ಅದರಲ್ಲಿ ದ್ರೋಹಿಯೆಂದು ಹೆಸರಿಸಲ್ಪಟ್ಟವನ ಊರು, ಕುಲಗಳು ಲಕ್ಷಾಂತರ ಪ್ರೇಕ್ಷಕರ ಎದುರು ಒಂದೇ ರೀತಿಯಲ್ಲಿ ಕಳಂಕ ಹೊರುತ್ತವೆ. ಹೆನ್ರಿ ಹುಕ್‌ನಿಗೆ ಆದ ಅನ್ಯಾಯ ಇಲ್ಲಿ ನೆನಪಾಗಬೇಕು.

ಜಾನಪದ ಸಂಶೋಧಕರು ಎದುರಿಸಬೇಕಾದ ಒಂದು ಅಪಾಯವನ್ನು ಕೊನೆಯಲ್ಲಿ ಸೂಚಿಸಬೇಕು. ಚಿತ್ರದ ಮಾತುಗಳು ಈಗ ಮೌಖಿಕ ಪರಂಪರೆಗೆ ಮರಳಿ ಸೇರಿವೆ. ಕಲಾವಿದರು ಅವನ್ನು ಹಾಡಿನ ನಡುವಿನ ಮಾತುಗಾರಿಕೆಯಲ್ಲಿ ಬಳಸುತ್ತಾರೆ. ಹಿರಿಯ ವಕ್ತೃಗಳು ತಮ್ಮ ಅಜ್ಜಿ ಹೇಳಿದ್ದೆಂದೇ ನಂಬಿ ನುಡಿಯುತ್ತಾರೆ. ಅವರ ನಂಬಿಕೆ ಪ್ರಾಮಾಣಿಕವಾದುದು. ಆದರೆ ಸಂಗ್ರಾಹಕನು ಇದನ್ನು ‘ಪ್ರಾಚೀನ ಮೌಖಿಕ ಪಾಠ’ವೆಂದು ದಾಖಲಿಸಿದರೆ, ಮುಂದೆ ಇತಿಹಾಸಕಾರನು ಅದನ್ನೇ ಸ್ವತಂತ್ರ ಆಕರವೆಂದು ಉಲ್ಲೇಖಿಸಿದರೆ, ಮುಂದಿನ ಚಿತ್ರಕ್ಕೆ ಅದೇ ಪ್ರಮಾಣವಾಗುತ್ತದೆ. ಸಂಶೋಧನೆಯ ಆರಂಭದ ದಿನಗಳಲ್ಲಿ ಈ ಲೇಖಕನೂ ಕಪ್ಪದ ಮಾತನ್ನು ಹೀಗೆಯೇ ಬರೆದುಕೊಂಡದ್ದುಂಟು. ಆದ್ದರಿಂದ ಕಿತ್ತೂರು, ಹಲಗಲಿ, ನರಗುಂದ ಮುಂತಾದ ಸಮರಗಳ ಪಠ್ಯಗಳನ್ನು ಸಂಪಾದಿಸುವಾಗ ಸಂಗ್ರಹದ ವರ್ಷ, ಅದು ಚಿತ್ರದ ಬಿಡುಗಡೆಗೆ ಮುಂಚಿನದೋ ನಂತರದ್ದೋ ಎಂಬ ವಿವರ, ವಕ್ತೃವಿಗೆ ಚಿತ್ರದ ಪರಿಚಯವಿದೆಯೆ ಎಂಬ ಟಿಪ್ಪಣಿ ಇವು ಕಡ್ಡಾಯವಾಗಬೇಕು. 1961 ನಮ್ಮ ಪಾಲಿಗೆ ಚಲನಚಿತ್ರ ಚರಿತ್ರೆಯ ಇಸವಿಯಷ್ಟೇ ಅಲ್ಲ, ಮೌಖಿಕ ಪಾಠಗಳ ಕಾಲನಿರ್ಣಯದ ಗಡಿರೇಖೆಯೂ ಆಗಿದೆ.

ಒಟ್ಟಿನಲ್ಲಿ, ಯುದ್ಧಚಿತ್ರಗಳು ದಾಖಲೆಯಿಂದ ದೂರ ಸರಿಯುವುದು ಮೂರು ಬಗೆಯಲ್ಲಿ: ಕಥನದ ರೂಢಿಗಾಗಿ, ಕಾರಣದ ಬದಲಾವಣೆಯಿಂದ, ಹೊಣೆಯ ಆರೋಪದಿಂದ. ಮೊದಲನೆಯದನ್ನು ಆಶಯಗಳ ಅಧ್ಯಯನವಾಗಿ ಸ್ವೀಕರಿಸಬಹುದು. ಎರಡನೆಯದನ್ನು ತಿದ್ದಬೇಕು, ತಿದ್ದುವಾಗ ಬದಲಾದ ಕಾರಣದಲ್ಲಿ ಯಾರ ದನಿ ಅಡಗಿದೆ ಎಂಬುದನ್ನೂ ಹೇಳಬೇಕು. ಮೂರನೆಯದನ್ನು ಆಧಾರವಿಲ್ಲದೆ ಒಪ್ಪಲಾಗದು. ಕಿತ್ತೂರಿನ ವಿಜಯಕ್ಕೆ 2024ರಲ್ಲಿ ಇನ್ನೂರು ವರ್ಷಗಳು ತುಂಬಿದವು. ಕಪ್ಪದ ಮಾತನ್ನು ಇಂದಿಗೂ ಆವೇಶದಿಂದ ಒಪ್ಪಿಸುವ ಶಾಲೆಯ ಬಾಲಕಿಯನ್ನು ತಡೆಯಬೇಕಾದ ಅಗತ್ಯವಿಲ್ಲ. ಆ ಮಾತು ಸಂಗೊಳ್ಳಿಯ ಹೊಲಗಳಿಗೆ ಸಲ್ಲುವುದೆಂದೂ, ರಾಣಿ ಕಾದಿದ್ದು ಒಂದು ದತ್ತಕದ ಹಕ್ಕಿಗಾಗಿ ಎಂದೂ ಆಕೆಗೆ ತಿಳಿಸುವ ಒಂದು ಪುಟ ಪಠ್ಯದಲ್ಲಿರಬೇಕು. ಆ ಪುಟವನ್ನು ಬರೆಯಬೇಕಾದವರು ನಾವು.