ಕಾಡುಟೊಮೇಟೊವಿನ ಪೂರ್ವೋತ್ತರ

ಇಂದು ನಮ್ಮ ಸಾರಿಗೆ ಟೊಮೇಟೊ ಎಷ್ಟು ಆವಶ್ಯಕವೋ, ಐದುನೂರು ವರ್ಷಗಳ ಹಿಂದೆ ನಮ್ಮ ಪೂರ್ವಿಕರಿಗೆ ಅದು ಅಷ್ಟೇ ಅಪರಿಚಿತವಾಗಿತ್ತು. ಅದು ಬಂದಮೇಲೆ ಕನ್ನಡಿಗರು ಅದನ್ನು ಚಪ್ಪರಬದನೆ ಎಂದು ಕರೆದುದು ಯುಕ್ತವೇ ಸರಿ. ಸಸ್ಯಶಾಸ್ತ್ರಜ್ಞರೂ ಅದನ್ನು ಬದನೆಯ ಕುಲಕ್ಕೇ ಸೇರಿಸಿದ್ದಾರೆ.

ಇದರ ತವರು ದಕ್ಷಿಣ ಅಮೆರಿಕದ ಪಶ್ಚಿಮ ತೀರ. ಪೆರು ಮತ್ತು ಈಕ್ವೆಡಾರ್ ದೇಶಗಳ ಕಡಲತಡಿಯಲ್ಲಿ ಇಂದಿಗೂ ಒಂದು ಕಾಡುಗಿಡ ನೆಲದಮೇಲೆ ಹಬ್ಬಿ ಬೆಳೆಯುತ್ತದೆ. ಅದರ ಕೆಂಪುಹಣ್ಣಿನ ಗಾತ್ರ ಸುಮಾರು 1 ಸೆಂಟಿಮೀಟರ್ ಮಾತ್ರ. ಈ ಮೂಲದಿಂದ ತುಸು ದೊಡ್ಡದಾದ ಚೆರ್ರಿ ಟೊಮೇಟೊ ಹುಟ್ಟಿ, ಉತ್ತರಕ್ಕೆ ಹರಡಿ, ಮೆಕ್ಸಿಕೋ ದೇಶದ ಕೃಷಿಕರ ಕೈಯಲ್ಲಿ ದಪ್ಪ ಹಣ್ಣಾಯಿತು. ಟೊಮೇಟೊ ಎಂಬ ಹೆಸರಿನ ಮೂಲವೂ ಅಲ್ಲಿನ ನಾವಾಟ್ಲ್ ಭಾಷೆಯದೇ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಒಯ್ದರು. 1544ರಲ್ಲಿ ಇಟಲಿಯ ಮತ್ತಿಯೋಲಿ ಅದನ್ನು ವರ್ಣಿಸಿದನು. ಇಂಗ್ಲೆಂಡಿನ ಜಾನ್ ಜೆರಾರ್ಡನಾದರೋ 1597ರ ತನ್ನ ಗ್ರಂಥದಲ್ಲಿ ಅದನ್ನು ಹೀನಾಯವಾಗಿಯೇ ಕಂಡನು.

ಮನುಷ್ಯನು ತಲೆತಲಾಂತರದಿಂದ ದಪ್ಪ ಹಣ್ಣಿನ ಬೀಜವನ್ನೇ ಆರಿಸುತ್ತ ಬಂದನು. ಗಾತ್ರವೇನೋ ಹೆಚ್ಚಿತು, ಆದರೆ ರೋಗವನ್ನು ತಡೆಯುವ ಗುಣಗಳಲ್ಲಿ ಹಲವು ಕಾಡಿನಲ್ಲಿಯೇ ಉಳಿದುಹೋದುವು. ಇಪ್ಪತ್ತನೆಯ ಶತಮಾನದಲ್ಲಿ ಫ್ಯುಸೇರಿಯಮ್ ಎಂಬ ಶಿಲೀಂಧ್ರದ ಸೊರಗುರೋಗ ಅಮೆರಿಕದ ತೋಟಗಳನ್ನು ಕಾಡಿದಾಗ, ಅದಕ್ಕೆ ಪ್ರತಿಬಲ ದೊರೆತದ್ದು ಆ ಕಿರುಹಣ್ಣಿನ ಕಾಡುಗಿಡದಲ್ಲಿಯೇ. ಆ ಗುಣವನ್ನು ಹೊತ್ತ ‘ಪ್ಯಾನ್ ಅಮೆರಿಕ’ ಎಂಬ ತಳಿ 1941ರಲ್ಲಿ ಹೊರಬಂದಿತು.

ಇನ್ನೊಂದು ಕೌತುಕವನ್ನು ಕೇಳಿರಿ. ಗಲಾಪಗೋಸ್ ದ್ವೀಪಗಳ ಕಾಡುಟೊಮೇಟೊವಿನ ಬೀಜಗಳು ಬಿತ್ತಿದರೆ ಸುಲಭವಾಗಿ ಮೊಳೆಯುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಚಾರ್ಲ್ಸ್ ರಿಕ್ ಎಂಬ ವಿಜ್ಞಾನಿ ಆ ಹಣ್ಣನ್ನು ಆ ದ್ವೀಪದ ದೈತ್ಯ ಆಮೆಗಳಿಗೆ ತಿನ್ನಿಸಿದನು. ಆಮೆಯ ಜಠರವನ್ನು ದಾಟಿ ಬಂದ ಬೀಜಗಳು ಚೆನ್ನಾಗಿ ಮೊಳೆತುವು! ಈ ಸಂಗತಿ 1961ರಲ್ಲಿ ಪ್ರಕಟವಾಯಿತು. ಆಮೆಯು ಅಳಿದರೆ ಗಿಡದ ಗತಿಯೇನು ಎಂಬುದನ್ನು ಇದರಿಂದ ಊಹಿಸಬಹುದು.

ನಮ್ಮ ಚೆರ್ರಿ ಟೊಮೇಟೊವಿಗೆ ಆಮೆಯ ಹಂಗಿಲ್ಲ. ಬೀಜವನ್ನು ಸುತ್ತಿದ ಲೋಳೆ ಮೊಳಕೆಯನ್ನು ತಡೆಯುವುದರಿಂದ, ಚೆನ್ನಾಗಿ ಕಳಿತ ಹಣ್ಣನ್ನು ಹಿಂಡಿ, ಆ ರಸವನ್ನು ಎರಡು ಮೂರು ದಿನ ಹುಳಿಯಲು ಬಿಟ್ಟು, ಬೀಜವನ್ನು ತೊಳೆದು ನೆರಳಿನಲ್ಲಿ ಆರಿಸಬೇಕು. ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿದರೆ ಸುಮಾರು ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ತಿಂಗಳ ಸಸಿಯನ್ನು ಕಿತ್ತು ನೆಡಬಹುದು. ಈ ಗಿಡ ಬಹುಮಟ್ಟಿಗೆ ಸ್ವಪರಾಗದಿಂದಲೇ ಕಾಯಿ ಕಟ್ಟುವುದರಿಂದ, ನಾಟಿ ತಳಿಯ ಬೀಜ ತಾಯಿಯನ್ನೇ ಹೋಲುತ್ತದೆ. ಸಂಕರ ತಳಿಯ ಬೀಜಕ್ಕೆ ಈ ಭರವಸೆ ಇಲ್ಲ.

ಆದುದರಿಂದ ಬೇಲಿಯ ಬದಿಯಲ್ಲಿ ತಾನಾಗಿ ಎದ್ದ ಗೋಲಿಯಷ್ಟು ಹಣ್ಣಿನ ಗಿಡವನ್ನು ಕಳೆಯೆಂದು ಕಿತ್ತೆಸೆಯಬೇಡಿರಿ. ದಪ್ಪ ಹಣ್ಣು ಈ ವರ್ಷದ ಅಡಿಗೆಗೆ ಸಾಕಾದೀತು. ಮುಂದಿನ ಪೀಳಿಗೆಗೆ ಬೇಕಾಗುವ ಗುಣ ಯಾವ ಕಿರುಹಣ್ಣಿನ ಬೀಜದಲ್ಲಿದೆಯೋ ಬಲ್ಲವರಾರು?